ಇಲ್ಲೇ ಹುಟ್ಟಿದವರೂ ವಿದೇಶಿಯರೇ?

ಮಾನ್ಯರೇ,

ರಜೆ ಬಂತೆಂದರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ನಲ್ಲಿ ಜನವೋ ಜನ. ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹೊರಡುತ್ತಾರೆ. ಆ ಊರು ಕಟ್ಟಿದ ಟಿಬೆಟ್ ನಿರಾಶ್ರಿತರು ಇವತ್ತಿಗೂ ಯಾವ ಕಾಗದದ ಬಲದ ಮೇಲೆ ಇಲ್ಲಿದ್ದಾರೆ ಅಂತ ಕೇಳುವವರು ಕಡಿಮೆ. ಪಕ್ಕದೂರಿನವನಾಗಿ ನಾನು ಅದನ್ನು ಹೇಳಲೇಬೇಕು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಚಳಿ ನಾಡಿನವರಿಗೆ ನಮ್ಮ ಸೆಕೆ ಒಗ್ಗಲಿಲ್ಲ. ಗುಡಾರದಲ್ಲಿದ್ದುಕೊಂಡೇ ಮರ ಕಡಿದು, ಬೇರು ಕಿತ್ತು ಹೊಲ ಮಾಡಿದರು. ಆನೆ ಕಾಟ ಬೇರೆ. ಕಡೆಗೆ ಅವರ ಕೈಹಿಡಿದದ್ದು ಮುಸುಕಿನ ಜೋಳ. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಒಡೆಯರಪಾಳ್ಯದಲ್ಲೂ ಕ್ಯಾಂಪ್‌ಗಳಾದವು.

ಇಷ್ಟಾದರೂ ಕಾನೂನಿನ ಕಣ್ಣಲ್ಲಿ ಇವರಲ್ಲಿ ಹೆಚ್ಚಿನವರು ಇನ್ನೂ ವಿದೇಶಿಯರೇ. ಆರ್‌ಸಿ ಅನ್ನುವ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ‘ಐಡೆಂಟಿಟಿ ಸರ್ಟಿಫಿಕೇಟ್’ ಅನ್ನುವ ಹಳದಿ ಪುಸ್ತಕ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ.

ಪೌರತ್ವದ ಲೆಕ್ಕವಂತೂ ನನಗೆ ಬಹಳ ಬೇಸರ ತರಿಸುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅಪ್ಪ-ಅಮ್ಮ ಇಬ್ಬರೂ ಟಿಬೆಟ್‌ನಿಂದ ಬಂದವರಾದರೆ, 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ, 1988ರಲ್ಲಿ ಹುಟ್ಟಿದ ತಂಗಿ ವಿದೇಶಿ! ಒಂದೇ ಮನೆ, ಒಂದೇ ಶಾಲೆ ಅಲ್ವಾ? ಅಣ್ಣನಿಗಾದರೂ ದಾರಿ ಸಲೀಸಿಲ್ಲ. ಕೋರ್ಟು ಹೇಳಿದ ಮೇಲೆ 2017ರಲ್ಲಿ ಕೇಂದ್ರ ಪಾಸ್‌ಪೋರ್ಟ್ ಕೊಡಲು ಒಪ್ಪಿತು, ಆದರೆ ಆರ್‌ಸಿ ಬಿಡಬೇಕು, ಕ್ಯಾಂಪ್‌ನಲ್ಲಿ ವಾಸ ಮಾಡಬಾರದು ಅಂತ ಷರತ್ತು ಹಾಕಿತು. ಅಪ್ಪ ಕಾಡು ಕಡಿದು ಕಟ್ಟಿದ ಮನೆ ಬಿಟ್ಟು ಅವನು ಎಲ್ಲಿಗೆ ಹೋಗಬೇಕು?

ಚಳಿಗಾಲಕ್ಕೆ ನಮ್ಮ ಮನೆಯವರು ಸ್ವೆಟರ್ ಕೊಳ್ಳುವ ಅಂಗಡಿ ಕ್ಯಾಂಪ್‌ನಲ್ಲಿದೆ. ‘ಅಕ್ಕ, ಒಗೆದರೂ ಬಣ್ಣ ಹೋಗಲ್ಲ, ನೋಡಿ’ ಅಂತ ನಮ್ಮೂರ ಕನ್ನಡದಲ್ಲೇ ಚೌಕಾಸಿಗೆ ನಿಲ್ಲುತ್ತಾರೆ ಅಂಗಡಿಯಾಕೆ. ಗಲ್ಲಾಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆರ್‌ಸಿ. ಮಗಳು ನರ್ಸಿಂಗ್ ಓದಿ ಕೆನಡಾಕ್ಕೆ ಹೋದಳಂತೆ. ಅಲ್ಲಿ ಪೌರತ್ವ ಸಿಗುತ್ತದೆ ಅನ್ನುವುದೇ ದೊಡ್ಡ ಕಾರಣವಂತೆ. ಹೀಗೆ ಹೋದವರು ಒಬ್ಬಿಬ್ಬರಲ್ಲ. ಕ್ಯಾಂಪ್‌ಗಳಲ್ಲಿ ಈಗ ವಯಸ್ಸಾದವರೇ ಜಾಸ್ತಿ ಕಾಣುತ್ತಾರೆ. ಎಷ್ಟೋ ಹೊಲಗಳನ್ನು ನಮ್ಮ ಕಡೆಯ ರೈತರೇ ಗುತ್ತಿಗೆಗೆ ಮಾಡುತ್ತಿದ್ದಾರೆ.

ಎಲ್ಲರಿಗೂ ಪೌರತ್ವ ಬೇಕು ಅಂತಲೂ ಅಲ್ಲ. ಅದನ್ನು ತೆಗೆದುಕೊಂಡರೆ ಟಿಬೆಟ್‌ನ ಹೋರಾಟ ಸೊರಗುತ್ತದೆ ಅನ್ನುವ ಹಿರಿಯರಿದ್ದಾರೆ. ಅವರ ಮಾತಿಗೂ ಬೆಲೆ ಕೊಡೋಣ. ಬೇಡ ಅನ್ನುವುದು ಅವರ ಆಯ್ಕೆಯಾಗಿರಲಿ, ನಮ್ಮ ಕಚೇರಿಗಳ ತೀರ್ಮಾನ ಆಗಬಾರದು.

ಕೇಂದ್ರ ಸರ್ಕಾರ 2017ರ ಷರತ್ತನ್ನು ಕೈಬಿಡಲಿ. ಇಲ್ಲೇ ಹುಟ್ಟಿ ಬೆಳೆದು, ಬಯಸುವ ಎಲ್ಲರಿಗೂ, ಹುಟ್ಟಿದ ತಾರೀಖು ನೋಡದೆ, ಪೌರತ್ವದ ದಾರಿ ತೆರೆಯಲಿ. ಬೇಡ ಅನ್ನುವವರಿಗೆ ಪದೇ ಪದೇ ಕಚೇರಿ ಅಲೆಯದಂಥ ಆರ್‌ಸಿ ಸಿಗಲಿ. ಮೈಸೂರು, ಉತ್ತರ ಕನ್ನಡ, ಚಾಮರಾಜನಗರದ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕು.

– ಒಬ್ಬ ಓದುಗ, ಪಿರಿಯಾಪಟ್ಟಣ