ಹಿಂದಿನ ದೀಪ ಎಣಿಸಿ ನೋಡಿ, ಅದು ಇಂಪಾಲಾ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮುಂಬೈಯ ಹಳೇ ಕಾರುಗಳ ಲೇಖನ ಓದಿದೆ. ಖುಷಿಯಾಯಿತು. ಆದರೆ ‘1962ರ ಇಂಪಾಲಾ’ ಎಂದು ನೀವು ಹಾಕಿದ ಫೋಟೋ ಇಂಪಾಲಾದ್ದಲ್ಲ. ಅದು ಬೆಲ್ ಏರ್. ಎರಡೂ ಅಮೆರಿಕದ ಶೆವರ್ಲೆ ಕಾರುಗಳೇ, ಮೈಕಟ್ಟೂ ಒಂದೇ, ತಪ್ಪಿದರೆ ಆಶ್ಚರ್ಯವಿಲ್ಲ. ಹಿಂದಿನಿಂದ ನೋಡಬೇಕು. ಇಂಪಾಲಾಗೆ ಒಂದೊಂದು ಪಕ್ಕಕ್ಕೆ ಮೂರು ಗುಂಡು ದೀಪ, ಬೆಲ್ ಏರ್‌ಗೆ ಎರಡೆರಡು. ನಿಮ್ಮ ಫೋಟೋದಲ್ಲಿ ಒಟ್ಟು ನಾಲ್ಕೇ ಇವೆ.

ಈ ಲೆಕ್ಕ ಹೇಳಿಕೊಟ್ಟವರು ನನ್ನ ಅಪ್ಪಯ್ಯ. ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು, ಫೋರ್ಟ್‌ನ ಹೋಟೆಲಿನಲ್ಲಿ ಗ್ಲಾಸು ತೊಳೆದು, ಆಮೇಲೆ ಡ್ರೈವಿಂಗ್ ಕಲಿತು, ಕಾಳಬಾದೇವಿಯ ಬಟ್ಟೆ ಸೇಠರೊಬ್ಬರ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಅದು 1962ರ ನಾಲ್ಕು ಬಾಗಿಲಿನ ಇಂಪಾಲಾ. ಯಾವುದೋ ರಾಯಭಾರ ಕಚೇರಿಯವರು ಬಿಟ್ಟುಹೋದ ಗಾಡಿ. ಆಗೆಲ್ಲ ಹೊರದೇಶದ ಕಾರು ತರಿಸುವುದು ಸುಲಭವಿರಲಿಲ್ಲ. ಇಂಥ ಗಾಡಿಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಸಿನಿಮಾದವರು, ಸೇಠರು ಮುಗಿಬೀಳುತ್ತಿದ್ದರು.

ಸ್ಟೇರಿಂಗ್ ಎಡಗಡೆ. ಮುಂದೆ ಹೋಗುವ ಲಾರಿಯನ್ನು ದಾಟಬೇಕೆಂದರೆ ರಸ್ತೆಯೇ ಕಾಣಿಸದು. ಶಾಲೆಗೆ ರಜೆ ಇದ್ದಾಗ, ಗಾಡಿ ಸರ್ವಿಸಿಂಗಿಗೆ ಹೋಗುವ ದಿನ, ಅಪ್ಪಯ್ಯ ನನ್ನನ್ನು ಬಲಗಡೆ ಕೂರಿಸಿಕೊಳ್ಳುತ್ತಿದ್ದರು. “ಗಾಡಿ ಬತ್ತಿತ್ತಾ ಕಾಣ್ ಮಗಾ” ಅಂತ ಕೇಳುವುದು, ನಾನು ಕತ್ತು ಚಾಚಿ ನೋಡಿ “ಇಲ್ಲೆ, ಹೋಯ್ಲಕ್ಕ್” ಅನ್ನುವುದು. ಹತ್ತು ವರ್ಷದ ಹುಡುಗನ ಮಾತು ನಂಬಿ ಅಷ್ಟು ದೊಡ್ಡ ಗಾಡಿ ನುಗ್ಗುತ್ತಿತ್ತು! ಕ್ಲಚ್ ಬೇರೆ ಇರಲಿಲ್ಲ. ಪವರ್‌ಗ್ಲೈಡ್ ಎಂಬ ಎರಡೇ ಗೇರಿನ ಆಟೋಮ್ಯಾಟಿಕ್. ಮೊದಲ ವಾರ ಅಪ್ಪಯ್ಯನ ಎಡಗಾಲು ಸುಮ್ನೆ ಕ್ಲಚ್ ಹುಡುಕಿ ಬ್ರೇಕ್ ತುಳಿದು, ಸೇಠರ ಟೋಪಿ ಮುಂದಿನ ಸೀಟಿಗೆ ಹಾರಿತ್ತಂತೆ. ಉದ್ದ ಸುಮಾರು 17.5 ಅಡಿ. ನಮ್ಮ ಫಿಯೆಟ್ ಟ್ಯಾಕ್ಸಿ 13 ಅಡಿ ಅಷ್ಟೇ. ಭೂಲೇಶ್ವರದ ಗಲ್ಲಿಗೆ ಇಂಪಾಲಾ ಹೋಗುತ್ತಲೇ ಇರಲಿಲ್ಲ. ಸೇಠರು ದೊಡ್ಡ ರಸ್ತೆಯಲ್ಲಿ ಇಳಿದು, ಎಲ್ಲರ ಹಾಗೆ ನಡೆದುಕೊಂಡೇ ಅಂಗಡಿಗೆ ಹೋಗುತ್ತಿದ್ದರು.

ಲೇಖಕರು ಇದನ್ನು ‘ಶ್ರೀಮಂತರಿಗಾಗಿಯೇ ಮಾಡಿದ ಕಾರು’ ಎಂದಿದ್ದಾರೆ. ಫೋಟೋಗಿಂತ ಜಾಸ್ತಿ ನನಗೆ ಚುಚ್ಚಿದ್ದು ಈ ಮಾತು. ಶೆವರ್ಲೆಯ ಒಡೆಯರಾದ ಜನರಲ್ ಮೋಟಾರ್ಸ್‌ನಲ್ಲಿ ಸಿರಿವಂತರಿಗೆ ಇದ್ದದ್ದು ಕ್ಯಾಡಿಲಾಕ್. ಶೆವರ್ಲೆ ಅವರ ಅಗ್ಗದ ಹೆಸರು. 1958ರಲ್ಲಿ ಬೆಲ್ ಏರ್‌ನದೇ ಮೇಲ್ದರ್ಜೆಯ ಕಾರಾಗಿ ಇಂಪಾಲಾ ಬಂತು, ಎರಡು ಬಾಗಿಲಿನದು ಮಾತ್ರ. 1959ರಲ್ಲಿ ಬೇರೆ ಸಾಲಾಗಿ ನಿಂತು ನಾಲ್ಕು ಬಾಗಿಲಿನದೂ ಸಿಕ್ಕಿತು. ಆ ವರ್ಷ ಹಿಂದೆ ಹಕ್ಕಿ ರೆಕ್ಕೆ ಚಾಚಿದ ಹಾಗೆ ಮಲಗಿದ ರೆಕ್ಕೆಗಳು, ಅದರಡಿ ಕಣ್ಣೀರ ಹನಿಯಂಥ ದೀಪ. ಅತಿಯಾಯಿತು ಅಂತಲೋ ಏನೋ, ಮರುವರ್ಷವೇ ಗುಂಡು ದೀಪಕ್ಕೆ ಮರಳಿದರು. 1965 ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 10 ಲಕ್ಷಕ್ಕೂ ಜಾಸ್ತಿ ಇಂಪಾಲಾ ಮಾರಾಟವಾದವು. ಅಷ್ಟೊಂದು ಸೇಠರು ಎಲ್ಲಿಂದ ಬರಬೇಕು, ಹೇಳಿ? ಅಲ್ಲಿ ಮೇಷ್ಟ್ರು, ಗುಮಾಸ್ತರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ಗಾಡಿ ಅದು. ಹಡಗಿನಿಂದ ಇಳಿದ ಮೇಲೆ ಇಲ್ಲಿ ರಾಜನಾಯಿತು.

ಇದೇ ಜನರಲ್ ಮೋಟಾರ್ಸ್ 1928ರಲ್ಲಿ ನಮ್ಮ ಮುಂಬೈಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಬಿಡಿಭಾಗಗಳನ್ನೂ ಇಲ್ಲೇ ತಯಾರಿಸಿ ಎಂದು ಸರ್ಕಾರ ಪಟ್ಟು ಹಿಡಿದಾಗ, ಐವತ್ತರ ದಶಕದಲ್ಲಿ ಮುಚ್ಚಿಕೊಂಡು ಹೋದರು. ಇಂಪಾಲಾ ಹುಟ್ಟುವ ಹೊತ್ತಿಗೆ ಶಿವಡಿಯಲ್ಲಿ ಶೆವರ್ಲೆ ಜೋಡಿಸುವವರೇ ಇರಲಿಲ್ಲ.

‘ಆಗಿನ ಕಾರು ಉಕ್ಕಿನ ಕೋಟೆ’ ಎಂಬ ಮಾತನ್ನೂ ಒಪ್ಪುವುದು ಕಷ್ಟ. ಅಪ್ಪಯ್ಯ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಿದ್ದರು, ಆದರೂ ಹೇಳುತ್ತೇನೆ. 1964ರವರೆಗೆ ಇಂಪಾಲಾದ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಗುಣಾಕಾರದ ಚಿಹ್ನೆಯ ಹಾಗಿತ್ತು, ಬಾಗಿಲ ಕೆಳಗೆ ಚಾಸಿಯ ತೊಲೆಯೇ ಇರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ 1959ರ ಬೆಲ್ ಏರ್ ಒಂದನ್ನು ಹೊಸ ಶೆವರ್ಲೆ ಮಲಿಬೂಗೆ ಎದುರುಬದುರು ಗುದ್ದಿಸಿ ನೋಡಿದರು. ಹಳೇದರಲ್ಲಿ ಡ್ರೈವರ್ ಕೂತಿದ್ದರೆ ಬದುಕುತ್ತಿರಲಿಲ್ಲ. ಮಲಿಬೂನವನು ಕಾಲಿಗೆ ಸಣ್ಣ ಪೆಟ್ಟು ಮಾಡಿಕೊಂಡು ಇಳಿದು ಬರುತ್ತಿದ್ದ.

ಇಂಪಾಲಾ ಎಪ್ಪತ್ತರ ದಶಕದಲ್ಲೇ ನಿಂತಿತು ಎಂದೂ ಬರೆದಿದ್ದೀರಿ. ನಿಂತದ್ದು 1985ರಲ್ಲಿ. ಅದನ್ನು ಮೂಲೆಗೆ ತಳ್ಳಿದ್ದು ಅದರ ಹೊಟ್ಟೆಯಲ್ಲೇ ಹುಟ್ಟಿದ ಕಪ್ರೀಸ್ ಎಂಬ ಇನ್ನೊಂದು ಶೆವರ್ಲೆ. ಮತ್ತೆ 1994ರಿಂದ 96ರವರೆಗೆ ಮೂರು ವರ್ಷ ಬಂತು, 2000ದಲ್ಲಿ ಮುಂದಿನ ಚಕ್ರ ಎಳೆಯುವ ಗಾಡಿಯಾಗಿ ಇನ್ನೊಮ್ಮೆ ಬಂತು. ಜನರೆಲ್ಲ ಎತ್ತರದ ಎಸ್‌ಯುವಿಗಳ ಹಿಂದೆ ಬಿದ್ದರು. ಕೊನೆಯದು ಡೆಟ್ರಾಯಿಟ್‌ನಲ್ಲಿ ತಯಾರಾದದ್ದು ಫೆಬ್ರವರಿ 2020ರಲ್ಲಿ.

ಮುಂಬೈಯಲ್ಲಿ ನಮ್ಮ ಇಂಪಾಲಾ ಅದಕ್ಕಿಂತ ಬಹಳ ಮೊದಲೇ ಸತ್ತಿತ್ತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು, ಪೆಟ್ರೋಲ್ ಬೆಲೆ ಏರಿತು. ಲೀಟರಿಗೆ ಐದು ಕಿಲೋಮೀಟರ್ ಕೊಡುವ ಗಾಡಿಯನ್ನು ಸೇಠರಾದರೂ ಎಷ್ಟು ದಿನ ಸಾಕುತ್ತಾರೆ? ಇಂಜಿನ್ ಕಿತ್ತು ಪರ್ಕಿನ್ಸ್ ಡೀಸೆಲ್ ಇಂಜಿನ್ ಕೂರಿಸಿದರು. ಆ ಕಾಲದಲ್ಲಿ ಎಷ್ಟೋ ಅಮೆರಿಕನ್ ಕಾರುಗಳಿಗೆ ಇದೇ ಗತಿ. ಹೊರಗೆ ಥಳಥಳ ಕ್ರೋಮ್, ಒಳಗೆ ಅಕ್ಕಿ ಮಿಲ್ಲಿನ ಸದ್ದು. ಸಿಗ್ನಲ್‌ನಲ್ಲಿ ನಿಂತರೆ ಕನ್ನಡಿ ಗಡಗಡ ನಡುಗುತ್ತಿತ್ತು. ಪಟ್ಟದ ಆನೆಯನ್ನು ಗಾಣಕ್ಕೆ ಕಟ್ಟಿದರು ಅಂತ ಅಪ್ಪಯ್ಯ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಅದು ಕುರ್ಲಾದ ಗುಜರಿಗೆ ಹೋಯಿತು. ಅಪ್ಪಯ್ಯ ಗುಜರಿಯವನಿಗೆ ಐದು ರೂಪಾಯಿ ಕೊಟ್ಟು ಹಿಂದಿನ ದೀಪದ ಕೆಂಪು ಗಾಜೊಂದನ್ನು ಬಿಚ್ಚಿಸಿಕೊಂಡು ಬಂದರು. ಈಗಲೂ ನಮ್ಮ ಮನೆಯ ಶೋಕೇಸಿನಲ್ಲಿದೆ. ಮೊಮ್ಮಗಳು ಅದನ್ನು ಕಣ್ಣಿಗೆ ಹಿಡಿದು ಲೋಕಲ್ ಟ್ರೈನ್ ನೋಡುತ್ತಾಳೆ.

ಮುಂದಿನ ಭಾನುವಾರ ಒಂದು ಸಾಲಿನ ತಿದ್ದುಪಡಿ ಹಾಕಿದರೆ ಸಾಕು. ಇಂಪಾಲಾದ ಫೋಟೋ ಬೇಕಿದ್ದರೆ ನನ್ನ ಹತ್ತಿರ ಒಂದಿದೆ, ಕಳಿಸುತ್ತೇನೆ. ಅಪ್ಪಯ್ಯ ಬಾನೆಟ್ಟಿಗೆ ಒರಗಿ ನಿಂತದ್ದು. ಆದರೆ ಮುಂದಿನಿಂದ ತೆಗೆದದ್ದು, ದೀಪ ಕಾಣುವುದಿಲ್ಲ. ನೀವು ನನ್ನ ಮಾತು ನಂಬಬೇಕಷ್ಟೆ.

ಇತಿ,
ನಿಮ್ಮ ಹಳೇ ಓದುಗ, ಡೊಂಬಿವಲಿ ಪೂರ್ವ