ಅಳತೆ ಇಲ್ಲದೆ ಇನ್ನು ಬಾಲ್ ಕೊರೆಯುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ಬಾಟಲಿಯಂಥ ಗೂಟಗಳನ್ನು ಉರುಳಿಸುವ ಬೌಲಿಂಗ್ ಆಟದ ಬಾಲ್ ತಂದ ದಿನವೇ ಬೆರಳಿನ ತೂತು ಕೊರೆದು ಕೊಡುವುದನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಮೊದಲು ನಿಮ್ಮ ಎಸೆತದ ಅಳತೆ, ಆಮೇಲೆ ಲೇಔಟ್, ಅಂದರೆ ಬಾಲ್ ಮೇಲೆ ತೂತು ಎಲ್ಲೆಲ್ಲಿ ಅನ್ನುವ ಗುರುತು, ಮರುದಿನ ಡ್ರಿಲ್ಲಿಂಗ್. ಅಳತೆಗೆ 400 ರೂಪಾಯಿ ಬೇರೆ. ಬೆಂಗಳೂರಿನಿಂದ ಬರುವವರಿಗೆ ಎರಡು ಸಲ ಓಡಾಟ ಆಗುತ್ತದೆ, ಗೊತ್ತು. ದಯವಿಟ್ಟು ಕ್ಷಮಿಸಿ. ಹೆಬ್ಬೆರಳಿನ ತೂತನ್ನು ನಿಮ್ಮ ಕೈ ಇಟ್ಟು ನೋಡುತ್ತಲೇ ತೀಡಬೇಕು. ಅದನ್ನು ಪಾರ್ಸೆಲ್ ಮಾಡಲು ಆಗಲ್ಲ.

ಎಲ್ಲರೂ ಕೇಳುವುದು ಒಂದೇ: "ಅಣ್ಣಾ, ನಮ್ಮ ಗೆಳೆಯನ ಬಾಲ್ ಹೆಂಗೆ ತಿರುಗುತ್ತೆ ನೋಡಿ. ಫೋಟೋ ಇದೆ, ನನ್ನದನ್ನೂ ಹಂಗೇ ಕೊರೆದುಬಿಡಿ. ಅಳತೆಗೆ ದುಡ್ಡು ಯಾಕೆ?"

ಯಾಕೆಂದರೆ, ಕೈಬಿಟ್ಟ ಬಾಲ್ ಯಾವ ಅಕ್ಷದ ಮೇಲೆ ತಿರುಗುತ್ತದೆ ಎಂಬುದು ಒಬ್ಬೊಬ್ಬರದು ಒಂದೊಂದು ಥರ. ಆ ಅಕ್ಷದ ತುದಿಯೇ ಪಿಎಪಿ. ಒಬ್ಬರಿಗೆ ಅದು ಹಿಡಿತದ ನಡುವಿನಿಂದ ಐದು ಇಂಚು ಬಲಕ್ಕೆ, ಅರ್ಧ ಇಂಚು ಮೇಲಕ್ಕೆ ಇರುತ್ತದೆ. ಇನ್ನೊಬ್ಬರಿಗೆ ನಾಲ್ಕೇ ಇಂಚು. ಬಾಲ್ ಮೇಲಿನ ಬಣ್ಣದ ಚುಕ್ಕೆ, ಅಂದರೆ ಪಿನ್, ಅಲ್ಲಿಂದ ಎಷ್ಟು ದೂರ ಇದೆ ಅನ್ನುವುದೇ ಮುಖ್ಯ. ಮೂರೂಕಾಲು, ಮೂರೂವರೆ ಇಂಚಿನ ಹತ್ತಿರ ಇದ್ದರೆ ಫ್ಲೇರ್, ಅಂದರೆ ಸುತ್ತು ಸುತ್ತಿಗೂ ಬಾಲ್ ಮೇಲಿನ ಎಣ್ಣೆಯ ಗುರುತು ಪಕ್ಕಕ್ಕೆ ಸರಿಯುವುದು, ಅತಿ ಜಾಸ್ತಿ. ಪ್ರತಿ ಸುತ್ತಿಗೂ ಬಾಲ್‌ನ ಎಣ್ಣೆಯಿಲ್ಲದ ಭಾಗ ಎಣ್ಣೆ ಹಚ್ಚಿದ ಹಲಗೆಯ ಹಾದಿಗೆ, ಅಂದರೆ ಲೇನ್‌ಗೆ ತಾಗಿ ಹಿಡಿಯುತ್ತದೆ. ಐದು ಇಂಚು ದಾಟಿದರೆ ಫ್ಲೇರ್ ಇಳಿಯುತ್ತದೆ, ಬಾಲ್ ಹೇಳಿದ ಮಾತು ಕೇಳುತ್ತದೆ. ಫೋಟೋ ನೋಡಿ ಪಿನ್ನನ್ನು ಅದೇ ಬೆರಳಿನ ಮೇಲೆ ಇಟ್ಟರೂ ನಿಮ್ಮ ದೂರ ಬೇರೆಯೇ ಬರುತ್ತದೆ. ಪಕ್ಕದ ಮನೆಯವರ ಅಳತೆಗೆ ಅಂಗಿ ಹೊಲಿಸುತ್ತೀರಾ?

ಇನ್ನೊಂದು ಮಾತು. ಬಂದವರೆಲ್ಲ "ಹುಕ್ ಜಾಸ್ತಿ ಬೇಕು" ಅನ್ನುತ್ತಾರೆ, ಅಂದರೆ ಬಾಲ್ ಜಾಸ್ತಿ ಬಾಗಬೇಕು. ಎಣ್ಣೆ ಒಣಗಿದ ಲೇನ್‌ನಲ್ಲಿ ಬೇಕಾಗುವುದು ಹತೋಟಿ. ಪಿನ್ ಬೆರಳಿಗಿಂತ ಕೆಳಗಿದ್ದರೆ ಬಾಲ್ ಕೊನೆಯಲ್ಲಿ ಗಕ್ಕನೆ ತಿರುಗದೆ ನಯವಾಗಿ ಬಾಗುತ್ತದೆ. ಲೇಔಟ್‌ಗಿಂತ ಬಾಲ್‌ನ ಮೈ ಎಷ್ಟು ಒರಟು ಅನ್ನುವುದೇ ದೊಡ್ಡದು. ಅದಕ್ಕೇ ಹಳೇ ಬಾಲ್ ಸರಿ ಬರುತ್ತಿಲ್ಲ ಅಂದವರಿಗೆ ಮೊದಲು ಪ್ಯಾಡ್ ಹಾಕಿ ಉಜ್ಜಿ ಕೊಡುತ್ತೇವೆ. ಸುಮ್ನೆ ಹೊಸದು ತಲೆಗೆ ಕಟ್ಟುವುದು ನಮ್ಮ ಪದ್ಧತಿಯಲ್ಲ.

ಈಗ ದುಡ್ಡಿನ ವಿಷಯ. ಮೊದಲೆಲ್ಲ ಲೇಔಟ್ ಹೊಂದದಿದ್ದರೆ ಪಕ್ಕದಲ್ಲಿ ಇನ್ನೊಂದು ತೂತು ಹಾಕಿ ತೂಕ ಸರಿದೂಗಿಸಬಹುದಿತ್ತು. 2020ರ ಆಗಸ್ಟ್‌ನಿಂದ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ತೂತು ಅಂದರೆ ಬೆರಳು ಹಾಕುವುದಕ್ಕೆ ಮಾತ್ರ. ಲೇಔಟ್ ಬೇಡವಾದರೆ ಹಳೇ ತೂತುಗಳಿಗೆ ರೆಸಿನ್ ಅಂಟು ತುಂಬಿ, ಗಟ್ಟಿಯಾಗುವವರೆಗೆ ಕಾದು, ಮತ್ತೆ ಕೊರೆಯಬೇಕು. ಆ ಬಿಲ್ ನೋಡಿ ನಮ್ಮನ್ನು ದುಬಾರಿ ಅಂದವರಿದ್ದಾರೆ. ರೆಸಿನ್ ಹೊರಗಿನಿಂದ ಬರುತ್ತದೆ, ತೂತಿನೊಳಗೆ ಕೂರಿಸುವ ಬೆರಳಿನ ಇನ್ಸರ್ಟ್ ಹೊರಗಿನಿಂದ ಬರುತ್ತದೆ. 15 ಪೌಂಡ್ ಬಾಲ್ ಅಂದರೆ ಒಂದಕ್ಕೇ ಸುಮಾರು 6.8 ಕಿಲೋ. ಸಾಗಣೆಗೆ ತೂಕದ ಲೆಕ್ಕ. ಡಾಲರ್ ಏರಿದರೆ, ಸುಂಕ ಏರಿದರೆ ತುಮಕೂರಲ್ಲಿ ಕೂತ ನಾವೇನು ಮಾಡೋಣ? ಕೊರೆಯುವ ಕೂಲಿಯನ್ನು ನಾವು ಏರಿಸಿಲ್ಲ, ಈಗಲೂ ಏರಿಸುತ್ತಿಲ್ಲ.

ನಿಮ್ಮ ಅಳತೆ ಆಗಲೇ ನಮ್ಮ ಪುಸ್ತಕದಲ್ಲಿ ಇದ್ದರೆ 400 ರೂಪಾಯಿ ಕೊಡಬೇಕಿಲ್ಲ. ಎಸೆಯುವ ರೀತಿ ಬದಲಾಗಿದ್ದರೆ ಮಾತ್ರ ಹೇಳಿ, ಹಳಬರಿಗೆ ಒಂದು ಸಲ ನಾವೇ ಪುಕ್ಕಟೆ ಅಳೆದು ಕೊಡುತ್ತೇವೆ.

ಬರುವಾಗ ಈಗ ಆಡುತ್ತಿರುವ ಬಾಲ್ ತನ್ನಿ. ಕೊನೆಯ ಆಟದ ನಂತರ ಒರೆಸಬೇಡಿ. ಅದರ ಮೇಲಿನ ಎಣ್ಣೆಯ ಉಂಗುರಗಳಿಂದಲೇ ನಿಮ್ಮ ಪಿಎಪಿ ಹುಡುಕುವುದು.

ಇಂತಿ,
ನಿಮ್ಮ ಅಂಗಡಿಯವರು
ಬಿ.ಎಚ್. ರಸ್ತೆ, ತುಮಕೂರು