ಎಂಸಿಬಿ ಇದ್ದರೆ ಸಾಲದು, ಹಳೇ ವೈರಿಂಗ್ ಮಳೆಗಾಲದಲ್ಲಿ ನೋಡಿಸಿ

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿದರೆ ಸಾಕು, ಜಿಲ್ಲಾ ಪುಟದ ಮೂಲೆಯಲ್ಲಿ ಎಲ್ಲೋ ಒಬ್ಬರಿಗೆ ಕರೆಂಟ್ ಹೊಡೆದ ಸುದ್ದಿ ಇರುತ್ತದೆ. ಅಯ್ಯೋ ಪಾಪ ಅಂದುಕೊಂಡು ಪುಟ ತಿರುಗಿಸುತ್ತೇವೆ. ನಾನು ತೀರ್ಥಹಳ್ಳಿ, ಹೊಸನಗರ ಕಡೆ ಮನೆ ವೈರಿಂಗ್ ಕೆಲಸ ಮಾಡುವವನು. ಹಳೇ ಹೆಂಚಿನ ಮನೆಗಳ ಅಟ್ಟ ಹತ್ತಿ ಅಲ್ಲಿನ ವೈರ್ ನೋಡಿದಾಗ, ಇಂಥ ಸುದ್ದಿ ಇನ್ನೂ ಜಾಸ್ತಿ ಬರುತ್ತಿಲ್ಲವಲ್ಲ ಅಂತಲೇ ನನಗೆ ಆಶ್ಚರ್ಯ.

ನಮ್ಮ ಕಡೆಯ ಎಷ್ಟೋ ಮನೆಗಳಿಗೆ ವೈರಿಂಗ್ ಆಗಿದ್ದು ನಾಲ್ಕು ಬಲ್ಬು, ಒಂದು ರೇಡಿಯೊ ಇದ್ದ ಕಾಲದಲ್ಲಿ. ಮರದ ಪಟ್ಟಿಯ ಮೇಲೆ ಎಳೆದ ಎರಡು ವೈರು, ಮೀಟರಿನ ಪಕ್ಕ ಪಿಂಗಾಣಿ ಫ್ಯೂಸು, ಅಷ್ಟೇ. ಮೂರನೇ ವೈರ್, ಅಂದರೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿನದು, ಇಲ್ಲವೇ ಇಲ್ಲ. ಈಗ ಅದೇ ವೈರಿನ ಮೇಲೆ ಫ್ರಿಜ್, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಹಂಡೆ ಇದ್ದ ಬಚ್ಚಲಲ್ಲಿ ಗೀಸರ್. 2000 ವ್ಯಾಟಿನ ಗೀಸರ್ 230 ವೋಲ್ಟಿಗೆ ಸುಮಾರು 9 ಆಂಪ್ಸ್ ಎಳೆಯುತ್ತದೆ, 3000 ವ್ಯಾಟಿನದು 13. ಇದನ್ನು ಲೈಟಿಗೆಂದು ಎಳೆದ 1 ಎಂಎಂ ವೈರಿಗೆ ಸಿಕ್ಕಿಸಿದರೆ, ಅದೂ ಹಳೇ ಅಲ್ಯೂಮಿನಿಯಂ ಆಗಿದ್ದರೆ, ಜಾಯಿಂಟ್ ಇದ್ದಲ್ಲೆಲ್ಲ ಕಾಯುತ್ತದೆ. ಗೀಸರಿಗೆ ಮೇನ್ ಬೋರ್ಡಿನಿಂದ 4 ಎಂಎಂ ತಾಮ್ರದ ವೈರ್ ಬೇರೆಯೇ ಬರಬೇಕು.

‘ವೈರಿಂಗ್ ಎಷ್ಟು ವರ್ಷಕ್ಕೆ ಬದಲಾಯಿಸಬೇಕು?’ ಅಂತ ಎಲ್ಲರೂ ಕೇಳುತ್ತಾರೆ. ಬರೀ ವರ್ಷ ಎಣಿಸಿದರೆ ಆಗದು. ಬಲ್ಬು, ಫ್ಯಾನು ಮಾತ್ರ ಇರುವ ಮನೆಯ ಒಳ್ಳೆಯ ಪಿವಿಸಿ ವೈರು ಇಪ್ಪತ್ತೈದು ವರ್ಷವಾದರೂ ಗಟ್ಟಿ ಇರಬಹುದು. ಮೊನ್ನೆ ಮೊನ್ನೆ ಕಟ್ಟಿದ ಮನೆಯಲ್ಲಿ ಎಕ್ಸ್‌ಟೆನ್ಶನ್ ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸಿ ಅಡುಗೆಮನೆ ನಡೆಸುತ್ತಿದ್ದರೆ ಅದೇ ಹೆಚ್ಚು ಅಪಾಯ. ಮನೆಗೆ ದೊಡ್ಡ ಸಾಮಾನು ತರುವ ಮುಂಚೆ ವೈರಿಂಗ್ ನೋಡಿಸಿ. ರಬ್ಬರ್, ಬಟ್ಟೆ ಸುತ್ತಿದ ಹಳೇ ವೈರ್ ಇದ್ದರೆ ಮಾತ್ರ ಯೋಚನೆಯೇ ಬೇಡ, ತೆಗೆಸಿ. ಆ ರಬ್ಬರ್ ಒಣಗಿ ಪುಡಿಯಾಗಿರುತ್ತದೆ, ಉಳಿದಿದ್ದನ್ನು ಇಲಿ ನೋಡಿಕೊಂಡಿರುತ್ತದೆ. ಪ್ಲಗ್ ಬಿಸಿಯಾಗುವುದು, ಬೋರ್ಡ್ ಕಪ್ಪಾಗುವುದು, ಪಂಪ್ ಹಾಕಿದ ಕೂಡಲೇ ಲೈಟ್ ಮಂಕಾಗುವುದು ಕಂಡರೂ ತಡ ಮಾಡಬೇಡಿ. ನಲ್ಲಿ ಮುಟ್ಟಿದರೆ ಕೈ ಜುಮ್ ಅಂದರೆ ಅವತ್ತೇ ಮೇನ್ ಆಫ್ ಮಾಡಿ ವೈರಿಂಗಿನವರನ್ನು ಕರೆಸಿ.

ಇದನ್ನು ಹೇಳಿದರೆ ಬರುವ ಉತ್ತರ ಒಂದೇ. ‘ನಮ್ಮಲ್ಲಿ ಎಂಸಿಬಿ ಇದೆಯಲ್ಲ?’ ಇದೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ ಅದು. ಆದರೆ ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಎದೆಯ ಮೂಲಕ 100 ಮಿಲಿ ಆಂಪ್ಸ್, ಅಂದರೆ ಒಂದು ಆಂಪಿನ ಹತ್ತರಲ್ಲೊಂದು ಭಾಗ ಹರಿದರೂ ಜೀವ ಹೋಗಬಹುದು. 16 ಆಂಪ್ಸಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅರ್ಥಿಂಗ್ ಕೆಟ್ಟು, ಕರೆಂಟ್ ನೆಲಕ್ಕೆ ಹೋಗಲು ಇರುವ ತಡೆ 20 ಓಮ್‌ಗೆ ಏರಿದೆ ಅಂದುಕೊಳ್ಳಿ. ಗೀಸರಿನ ಮೈಗೆ ಕರೆಂಟ್ ತಗುಲಿದರೂ ನೆಲಕ್ಕೆ ಹೋಗುವುದು ಹನ್ನೊಂದು ಹನ್ನೆರಡು ಆಂಪ್ಸ್ ಮಾತ್ರ. ಎಂಸಿಬಿ ಬೀಳುವುದಿಲ್ಲ, ಗೀಸರಿನ ಮೈಯಲ್ಲಿ ಕರೆಂಟ್ ನಿಂತೇ ಇರುತ್ತದೆ, ಒದ್ದೆ ಕೈಯಲ್ಲಿ ಮುಟ್ಟುವವರು ನೀವು. ಅದಕ್ಕೇ ಎಂಸಿಬಿ ಜೊತೆಗೆ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್, ಬೇಕು ಅನ್ನುವುದು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪ್ಸ್ ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಅದು ಲೈನ್ ಕಡಿಯುತ್ತದೆ. ಬೆಲೆ ಎರಡು ಸಾವಿರದ ಆಸುಪಾಸು.

ಮಲೆನಾಡಿನಲ್ಲಿ ಆರ್‌ಸಿಸಿಬಿ ಹಾಕಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ. ಆಷಾಢದ ಮಳೆಗೆ ಮಣ್ಣಿನ ಗೋಡೆ ಥಂಡಿ ಎಳೆದುಕೊಂಡು, ಹಳೇ ವೈರು ಗೋಡೆಗೆ ಕರೆಂಟ್ ಬಿಟ್ಟು, ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗಲು ಶುರುವಾಗುತ್ತದೆ. ಫೋನ್ ಬರುತ್ತದೆ, ‘ಇದೊಂದು ಕಿರಿಕಿರಿ, ತೆಗೆದು ಡೈರೆಕ್ಟ್ ಕೊಟ್ಬಿಡಿ ಮಾರಾಯ್ರೆ’. ಕೆಲವರು ಕೊಟ್ಟೂ ಬಿಡುತ್ತಾರೆ, ನಮ್ಮ ಕಸುಬಿನವರೇ! ಟ್ರಿಪ್ ಆಗುತ್ತಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ ಅಲ್ವಾ? ಒಂದೊಂದೇ ಲೈನ್ ಬಿಡಿಸಿ ಅದು ಎಲ್ಲಿ ಅಂತ ಹುಡುಕಬೇಕು. ಬೇಕಿದ್ದರೆ ಫ್ರಿಜ್ಜಿಗೆ ಬೇರೆ, ಬಚ್ಚಲಿಗೆ ಬೇರೆ ಅಂತ ಎರಡು ಆರ್‌ಸಿಸಿಬಿ ಹಾಕಿ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ವೈರಿನ ಇನ್ಸುಲೇಶನ್, ಅಂದರೆ ಮೇಲಿನ ಹೊದಿಕೆ, ಬೇಸಿಗೆಯಲ್ಲಿ ಮೆಗ್ಗರ್ (ಅದನ್ನು ಅಳೆಯುವ ಮೀಟರ್) ಹಿಡಿದು ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಮಳೆಯಲ್ಲಿ ಬಣ್ಣ ಬಯಲಾಗುತ್ತದೆ. ಅರ್ಥಿಂಗ್ ಇದಕ್ಕೆ ಉಲ್ಟಾ. ಮಳೆಗಾಲದಲ್ಲಿ ಎಲ್ಲರ ಅರ್ಥಿಂಗೂ ಚೆನ್ನಾಗಿರುತ್ತದೆ, ಮಾರ್ಚ್ ಏಪ್ರಿಲಿನಲ್ಲಿ ಜಂಬಿಟ್ಟಿಗೆ ನೆಲ ಒಣಗಿದಾಗ ಓಮ್ ಏರುತ್ತದೆ. ಹಾಗಾಗಿ ವೈರ್ ಪರೀಕ್ಷೆ ಮಳೆಯಲ್ಲಿ, ಅರ್ಥಿಂಗ್ ಪರೀಕ್ಷೆ ಬೇಸಿಗೆಯಲ್ಲಿ ಮಾಡಿಸಿ. ಅರ್ಥ್ ವೈರನ್ನು ನೀರಿನ ಪೈಪಿಗೆ ಕಟ್ಟಿದ್ದರಂತೂ ಪೈಪ್ ಯಾವುದು ಅಂತ ಒಮ್ಮೆ ನೋಡಿ. ಕಬ್ಬಿಣದ ಪೈಪ್ ತೆಗೆದು ಪಿವಿಸಿ ಹಾಕಿಸಿದ ಮೇಲೂ ವೈರ್ ಅಲ್ಲೇ ನೇತಾಡುತ್ತಿರುವ ಮನೆಗಳಿವೆ. ಪಿವಿಸಿಯಲ್ಲಿ ಕರೆಂಟ್ ಹರಿಯದು, ಅಲ್ಲಿ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಬೇಡ, ನೈಲಾನ್ ಹಗ್ಗ ಸಾಕು. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರಿನ ಹತ್ತಿರವಂತೂ ಕಟ್ಟಲೇಬೇಡಿ.

ಪೂರ್ತಿ ವೈರಿಂಗ್ ಬದಲಾಯಿಸಲು ಎಲ್ಲರ ಹತ್ತಿರ ದುಡ್ಡಿರುವುದಿಲ್ಲ, ಅಡಿಕೆ ಕೊಟ್ಟ ಮೇಲೆ ನೋಡೋಣ ಅನ್ನುವುದು ನನಗೂ ಗೊತ್ತು. ಹಾಗಿದ್ದರೆ ಈ ವರ್ಷ ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಬಚ್ಚಲು, ಅಡುಗೆಮನೆಯ ಲೈನು, ಕೊನೆಗೆ ಉಳಿದಿದ್ದು. ಪೇಂಟಿಂಗ್ ಮುಂದೆ ಹಾಕಿ. ಪೇಂಟ್ ಆದ ಮೇಲೆ ಗೋಡೆ ಕೊರೆಯಲು ಯಾರೂ ಬಿಡುವುದಿಲ್ಲ!

ಮೆಸ್ಕಾಂನವರಿಗೂ ಒಂದು ಮಾತು. ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ ಬರುವ ಮನೆಗಳಲ್ಲಿ ಮೀಟರ್ ಕಡೆ ನೋಡುವ ಅಭ್ಯಾಸವೇ ಹೋಗಿದೆ. ಮೊದಲಾದರೆ ಲೀಕ್ ಇದ್ದರೆ ಬಿಲ್ ಏರಿ ಗೊತ್ತಾಗುತ್ತಿತ್ತು. ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್, ಇನ್ವರ್ಟರ್ ಪ್ಲಗ್ ಕಿತ್ತ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಅನುಮಾನಪಡಿ ಅಂತ ಬಿಲ್ಲಿನ ಹಿಂದೆಯೇ ಎರಡು ಸಾಲು ಅಚ್ಚು ಹಾಕಬಹುದಲ್ಲ? ಮೆಗ್ಗರ್, ಅರ್ಥ್ ಟೆಸ್ಟರ್ ಹಿಡಿದು ಪಂಚಾಯ್ತಿಗೊಂದು ದಿನ ಬಂದರೆ ಇನ್ನೂ ಒಳ್ಳೆಯದು. ಹೆಚ್ಚುವರಿ ಲೋಡ್ ಕೊಡುವಾಗ ಕಾಗದದ ಮೇಲಿನ ಸಹಿ ಮಾತ್ರ ನೋಡದೆ ಅರ್ಥಿಂಗ್ ಗುಂಡಿಯನ್ನೂ ನೋಡಲಿ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಆ ಮನೆಯಲ್ಲಿ ಆರ್‌ಸಿಸಿಬಿ ಇತ್ತೇ, ಅರ್ಥಿಂಗ್ ಇತ್ತೇ ಅಂತ ಕೇಳಿ ಬರೆಯಿರಿ.

– ವೈರಿಂಗ್ ಕೆಲಸದ ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು